ಗೋರೆಗಾಂವಿನ ಕೆಲಸ ಇರಲಿ ಬಿಡು

ಕುರ್ಲಾ
3 ಫೆಬ್ರವರಿ 2025

ವಿನೋದಿನಿ ಮೇಡಂ ಅವರಿಗೆ ಶೈಲಾ ಮಾಡುವ ನಮಸ್ಕಾರ.

ಕೊನೆಯ ವರ್ಷದ ಟಿ.ವೈ. ಸ್ಟ್ಯಾಟಿಸ್ಟಿಕ್ಸ್ ಕ್ಲಾಸಿನ ಶೈಲಾ, ಕಿಟಕಿ ಕಡೆಯ ಬೆಂಚು, ನೆನಪಿದೆಯಲ್ಲ? ಡಿಸೆಂಬರಿನಿಂದ ನಿಮ್ಮ ಫೋನ್ ಬಂದ್. ವಾಟ್ಸಾಪಿನಲ್ಲಿ ಒಂದೇ ಟಿಕ್. ಪ್ಲೇಸ್‌ಮೆಂಟ್ ಸೆಲ್ಲಿನಲ್ಲಿ ನಿಮ್ಮ ಕುರ್ಚಿಯ ಮೇಲೆ ಈಗ ಹಿತೇಶ್ ಸರ್ ಕೂತಿದ್ದಾರೆ. ಅವರನ್ನೇ ಕಾಡಿ ಬೇಡಿ ನಿಮ್ಮ ಮಂಗಳೂರಿನ ವಿಳಾಸ ತೆಗೆದುಕೊಂಡೆ. "ಇಂಗ್ಲಿಷಿನಲ್ಲಿ ನೀನು ಬಯೋಡೇಟಾದ ಹಾಗೆ ಮಾತಾಡ್ತಿ, ನಿಜ ಹೇಳುವುದಿದ್ದರೆ ಕನ್ನಡದಲ್ಲಿ ಹೇಳು" ಅಂತ ನೀವು ಒಮ್ಮೆ ಬೈದಿದ್ದಿರಿ. ಅದಕ್ಕೇ ಕನ್ನಡ. ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆಯ ತನಕ ಕಲಿತದ್ದು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಸುದ್ದಿ ಏನೆಂದರೆ, ನನಗೆ ಕೆಲಸ ಸಿಕ್ಕಿದೆ. ಗೋರೆಗಾಂವಿನ ಒಂದು ಕಂಪನಿ. ವಿಮೆಯ ಕ್ಲೇಮುಗಳನ್ನು ಸ್ಕ್ರೀನಿನ ಮೇಲೆ ನೋಡಿ ಸರಿಯೋ ತಪ್ಪೋ ಅಂತ ಗುರುತು ಹಾಕುವುದು, ಜೂನಿನಿಂದ. "ಐದು ವರ್ಷದ ನಂತರ ನೀನು ಎಲ್ಲಿರುತ್ತೀ?" ಅಂತ ಇಂಟರ್‌ವ್ಯೂದಲ್ಲಿ ಕೇಳಿದರು. ಗಾಬರಿಯಲ್ಲಿ "ಕುರ್ಲಾದಲ್ಲಿ" ಅಂದುಬಿಟ್ಟೆ. ಎಲ್ಲರೂ ನಕ್ಕರು. ಆದರೂ ತೆಗೆದುಕೊಂಡರು.

ಅಪ್ಪ ಚಾಳಿನ ಮನೆಮನೆಗೂ ಪೇಡೆ ಹಂಚಿದರು. ಅವರು ಗಾರೆ ಕೆಲಸ ಮಾಡುವ ಬಿಲ್ಡಿಂಗ್ ಸೈಟಿನಲ್ಲೂ ಹಂಚಿ, "ನಮ್ಮ ಹುಡುಗಿ ಇನ್ನ ಏಸಿಯೊಳಗ ಕುಂತು ದುಡೀತಾಳ" ಅಂತ ಎಲ್ಲರಿಗೂ ಹೇಳಿದ್ದಾರಂತೆ. ಅವ್ವ ಮಾತ್ರ ಪೇಡೆ ಕೈಯಲ್ಲೇ ಹಿಡಿದುಕೊಂಡು ನನ್ನ ಮುಖ ನೋಡಿದಳು.

ಮೇಡಂ, ನೀವೇ ಫಾರ್ಮ್ ತುಂಬಿಸಿದ ಎಂಎಸ್ಸಿ ಪ್ರವೇಶ ಪರೀಕ್ಷೆ ಮಾರ್ಚ್ 16ಕ್ಕೆ ಇದೆ. ಕಂಪನಿಗೆ ಹೂಂ ಅಂದು ಆಮೇಲೆ ಓದಲು ಹೋದರೆ ಅವರು ಮುಂದಿನ ವರ್ಷ ನಮ್ಮ ಕಾಲೇಜಿಗೆ ಬರುವುದಿಲ್ಲ, ಜೂನಿಯರುಗಳ ಶಾಪ ತಟ್ಟುತ್ತದೆ ಅಂತ ಹಿತೇಶ್ ಸರ್ ಹೇಳುತ್ತಾರೆ. ಬೇಡ ಅಂದರೆ ಮತ್ತೆ ಬೇರೆ ಕಂಪನಿಯ ಇಂಟರ್‌ವ್ಯೂಗೆ ಕೂರುವ ಹಾಗಿಲ್ಲ. 20ನೇ ತಾರೀಕಿನೊಳಗೆ ಉತ್ತರ ಕೊಡಬೇಕು. ನೀವು ಏನು ಹೇಳುತ್ತೀರೋ ಅದನ್ನೇ ಮಾಡುತ್ತೇನೆ.

ನಿಮ್ಮ ವಿದ್ಯಾರ್ಥಿನಿ,
ಶೈಲಾ


ಮಂಗಳೂರು
9 ಫೆಬ್ರವರಿ 2025

ಪ್ರಿಯ ಶೈಲಾ,

ನಿನ್ನ ಕಾಗದ ಕಂಡು ಎಷ್ಟು ಖುಷಿಯಾಯಿತು ಗೊತ್ತುಂಟಾ ಮಾರಾಯ್ತಿ! ಒತ್ತಕ್ಷರ ಅಲ್ಲಲ್ಲಿ ಜಾರಿದೆ, ಅಷ್ಟೇ. "ಕುರ್ಲಾದಲ್ಲಿ" ಎಂಬ ನಿನ್ನ ಉತ್ತರ ಓದಿ ನಕ್ಕೂ ನಕ್ಕೂ ಕೆಮ್ಮು ಬಂತು. ಅಡುಗೆಮನೆಯಿಂದ ಅಮ್ಮ ಓಡಿ ಬಂದರು.

ಫೋನಿನ ಕಥೆ ಹೇಳುತ್ತೇನೆ. ಸ್ವಲ್ಪ ಬಿಪಿ, ಸ್ವಲ್ಪ ಆಯಾಸ. ವಿಶ್ರಾಂತಿ ಬೇಕು ಎಂದು ಅಮ್ಮನ ಮನೆಗೆ ಬಂದಿದ್ದೇನೆ. ಮತ್ತೆ ಹೇಳುವಂಥದ್ದು ಏನಿಲ್ಲ. ಆದರೆ ಬಂದ ಮರುದಿನದಿಂದಲೇ ನಿಮ್ಮೆಲ್ಲರ ಮೆಸೇಜುಗಳು. ಮೇಡಂ ಸಿವಿ ನೋಡಿ, ಮೇಡಂ ಟೈ ಹಾಕಬೇಕಾ, ಮೇಡಂ ರಿಜೆಕ್ಟ್ ಆದೆ ಸಾಯಬೇಕು ಅನ್ನಿಸ್ತದೆ. ಅಮ್ಮ ಫೋನು ಕಸಿದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದರು. "ಆ ಮಕ್ಕಳಿಗೆ ಅಪ್ಪ ಅಮ್ಮ ಇಲ್ವಾ? ಎಲ್ಲರ ಮಂಡೆಬಿಸಿ ನೀನೇ ಹೊತ್ತುಕೊಳ್ಬೇಕಾ?" ಎಂದು ಬೈದರು. ಕಾಗದಕ್ಕೆ ಮಾತ್ರ ಅಡ್ಡಿಯಿಲ್ಲ. ಕಾಗದ ಟಿಣ್ ಎನ್ನುವುದಿಲ್ಲವಲ್ಲ.

ಈಗ ವಿಷಯಕ್ಕೆ ಬರುವ. ಗೋರೆಗಾಂವಿನ ಕೆಲಸ ಇರಲಿ ಬಿಡು. ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಹಿತೇಶ್ ಸರ್ ಹೆದರಿಸಿದರೆಂದು ಹೆದರಲೂ ಬೇಡ, ಕಂಪನಿಗಳು ಬರುತ್ತವೆ, ಹೋಗುತ್ತವೆ. ಮಾರ್ಚಿನ ಪರೀಕ್ಷೆ ನಿನಗೆ ಮುಖ್ಯ, ಅದನ್ನು ನೋಡು. ಸ್ಯಾಂಪ್ಲಿಂಗ್ ನಿನಗೆ ನೀರು ಕುಡಿದ ಹಾಗೆ. ಪ್ರಾಬಬಿಲಿಟಿಯಲ್ಲಿ ಮಾತ್ರ ಅವಸರ ಮಾಡಿ ಎಡವುತ್ತೀ.

ಇನ್ನೂ ಬರೆಯುವುದಿತ್ತು. ಕೂತದ್ದು ಹೆಚ್ಚಾಯಿತು ಎಂದು ಅಮ್ಮ ಬಾಗಿಲಲ್ಲಿ ನಿಂತಿದ್ದಾರೆ.

ಪ್ರೀತಿಯಿಂದ,
ವಿನೋದಿನಿ


ಕುರ್ಲಾ
15 ಫೆಬ್ರವರಿ 2025

ಮೇಡಂ,

ಗುರುವಾರ ನಿಮ್ಮ ಕಾಗದ ಸಿಕ್ಕಿತು. ಎಷ್ಟು ಸಲ ಓದಿದೆನೋ ಗೊತ್ತಿಲ್ಲ, ಮಡಿಕೆಯ ಹತ್ತಿರ ಹರಿಯಲಿಕ್ಕೆ ಬಂದಿದೆ.

ನೀವು ಹೇಳಿದ ಹಾಗೇ ಮಾಡಿದೆ. ನಿನ್ನೆ ಕಾಲೇಜಿನ ಲೈಬ್ರರಿಯಿಂದ ಕಂಪನಿಗೆ ಮೇಲ್ ಕಳಿಸಿದೆ. ಕಳಿಸಿ ಎದ್ದವಳು ಸೀದಾ ಬಾತ್‌ರೂಮಿಗೆ ಹೋಗಿ ವಾಂತಿ ಮಾಡಿಕೊಂಡೆ. ನನ್ನ ಜೀವನದಲ್ಲಿ ಇಷ್ಟು ದೊಡ್ಡ ಮೇಲ್ ನಾನು ಯಾರಿಗೂ ಕಳಿಸಿಲ್ಲ, ಬರೆದದ್ದು ಮೂರೇ ಸಾಲು. ಹಿತೇಶ್ ಸರ್ ಕಾರಿಡಾರಿನಲ್ಲಿ ಎದುರಾದರು, ಒಮ್ಮೆ ನೋಡಿ ಮುಂದೆ ಹೋದರು.

ಅಪ್ಪನಿಗೆ ಹೇಳಿಲ್ಲ. ಅವರು ಕೇಳುವುದೂ ಇಲ್ಲ. ಅವರ ಮಟ್ಟಿಗೆ ಪೇಡೆ ಹಂಚಿದ ದಿನವೇ ಎಲ್ಲ ಮುಗಿದಿದೆ.

ಈಗ ಓದು ಒಂದೇ. ಅವ್ವ ಅಡುಗೆ ಮಾಡುವ ಚೆಂಬೂರಿನ ಕಾಲೊನಿಯ ಮನೆಯಲ್ಲಿ ಮಧ್ಯಾಹ್ನ ಡೈನಿಂಗ್ ಟೇಬಲ್ ಖಾಲಿ ಇರುತ್ತದೆ. ಆ ಮನೆಯ ಅಜ್ಜಿ ಅಲ್ಲಿ ಕೂತು ಓದಿಕೋ ಅಂದಿದ್ದಾರೆ. ಅಲ್ಲೇ ಓದುತ್ತೇನೆ. ನಿಮ್ಮ ಬಿಪಿ ಹೇಗಿದೆ?

ಶೈಲಾ


ಮಂಗಳೂರು
23 ಫೆಬ್ರವರಿ 2025

ಪ್ರಿಯ ಶೈಲಾ,

ಶಹಬ್ಬಾಸ್! ಹೂಂ ಎಂದು ಬರೆದು ಕಳಿಸಲು ಇಷ್ಟೆಲ್ಲ ವಾಂತಿಯಾ? ಮದುವೆಗೆ ಹೂಂ ಅನ್ನುವಾಗಲೂ ನಾನು ಇಷ್ಟು ಹೆದರಿರಲಿಲ್ಲ ಹುಡುಗಿ.

ಇನ್ನು ನಿರಾಳವಾಗಿ ಪರೀಕ್ಷೆ ಬರೆ. ಕೆಲಸವೊಂದು ಕೈಯಲ್ಲಿದ್ದರೆ ಪ್ರಶ್ನೆಪತ್ರಿಕೆ ಅರ್ಧ ಹಗುರ. ಸೀಟು ಸಿಕ್ಕಿದರೆ ಕಂಪನಿಗೆ ಒಳ್ಳೆಯ ಮಾತಿನಲ್ಲಿ ಹೇಳಿ ಹೊರಟರಾಯಿತು, ಸಿಗದಿದ್ದರೆ ಜೂನಿನಲ್ಲಿ ಗೋರೆಗಾಂವ್ ಇದ್ದೇ ಇದೆ. ನಿಮ್ಮಪ್ಪನ ಪೇಡೆಗೂ ಮರ್ಯಾದೆ ಉಳಿಯಿತು. ಬೆಳಗ್ಗೆ ದಾದರಿನಲ್ಲಿ ಗಾಡಿ ಬದಲಿಸುವಾಗ ಸೇತುವೆಯ ಮೇಲೆ ಓಡಬೇಡ. ಲೇಡೀಸ್ ಡಬ್ಬಿ ಎಲ್ಲಿ ನಿಲ್ಲುತ್ತದೆಂದು ಮೊದಲ ವಾರದಲ್ಲೇ ನೋಡಿಟ್ಟುಕೋ. ಗಟ್ಟಿ ಚಪ್ಪಲಿ ತೆಗೆದುಕೋ.

ನಾನು ಆರಾಮ. ಅಮ್ಮ ದಿನಕ್ಕೊಂದು ಕಷಾಯ ಕುಡಿಸುತ್ತಿದ್ದಾರೆ. ಕಿಟಕಿಯಿಂದ ಎದುರು ಬಿಲ್ಡಿಂಗಿನವರ ಬಟ್ಟೆ ಎಣಿಸುವುದೇ ಈಗ ನನ್ನ ಸ್ಟ್ಯಾಟಿಸ್ಟಿಕ್ಸ್.

ನಿನ್ನ,
ವಿನೋದಿನಿ ಮೇಡಂ


ಕುರ್ಲಾ
1 ಮಾರ್ಚ್ 2025

ಮೇಡಂ,

ಇದೇನು ಬರೆದಿದ್ದೀರಿ? ಯಾವ ಗೋರೆಗಾಂವ್? ಯಾವ ಚಪ್ಪಲಿ?

ನಾನು ಹೂಂ ಅಂದಿಲ್ಲ. ಬೇಡ ಅಂತ ಬರೆದೆ. ನೀವೇ "ಬಿಡು" ಅಂದಿರಿ. ನಿಮ್ಮ ಕಾಗದ ಈಗಲೂ ನನ್ನ ಮುಂದಿದೆ, ನಿಮ್ಮದೇ ಕೈಬರಹ: ಗೋರೆಗಾಂವಿನ ಕೆಲಸ ಇರಲಿ ಬಿಡು. ಕಂಪನಿಗಳು ಬರುತ್ತವೆ, ಹೋಗುತ್ತವೆ ಅಂದಿರಿ. ಪರೀಕ್ಷೆ ಮುಖ್ಯ ಅಂದಿರಿ. ಬಿಡು ಅಂದರೆ ನಾನು ಬೇರೆ ಏನು ತಿಳಿಯಬೇಕಿತ್ತು? ನಾನು ಮನೆಯಲ್ಲಿ ಅರ್ಧ ಹಿಂದಿ ಅರ್ಧ ಕನ್ನಡ ಮಾತಾಡುವವಳು. ಬಿಡು ಅಂದರೆ ಛೋಡ್ ದೋ. ಬಿಟ್ಟೆ.

ಇವತ್ತು ಹಿತೇಶ್ ಸರ್ ಹತ್ತಿರ ಓಡಿದೆ. ವೇಟಿಂಗಿನಲ್ಲಿದ್ದ ಶ್ರೇಯಾಗೆ ಆ ಜಾಗ ಕೊಟ್ಟು ಹತ್ತು ದಿನವಾಯಿತಂತೆ. "ಲಿಖ್ ಕೇ ಮನಾ ಕಿಯಾ ತುಮ್ನೇ, ಅಬ್ ಮೈಂ ಕ್ಯಾ ಕರೂಂ" ಅಂದರು, ಬೇಡ ಅಂತ ಬರೆದುಕೊಟ್ಟವಳು ನೀನೇ ಅಂತ. ನನ್ನ ಹೆಸರು ಪ್ಲೇಸ್‌ಮೆಂಟ್ ಪಟ್ಟಿಯಿಂದಲೂ ಹೋಗಿದೆ.

ಅಪ್ಪ ಊರಿಗೆಲ್ಲ ಹೇಳಿದ್ದಾರೆ. ಸಿಂದಗಿಯಿಂದ ಕಾಶಿನಾಥ ಮಾಮಾ ಫೋನ್ ಮಾಡಿ ಅಭಿನಂದನೆ ಹೇಳಿದ. ಪರೀಕ್ಷೆಗೆ ಹದಿನೈದು ದಿನ ಇದೆ, ಪುಸ್ತಕ ತೆರೆದರೆ ಅಕ್ಷರಗಳು ಓಡಾಡುತ್ತವೆ. ಸೀಟು ಸಿಗದಿದ್ದರೆ ನನ್ನ ಗತಿ ಏನು? ಈಗ ಏನು ಮಾಡಲಿ ಹೇಳಿ. ಬೇಗ ಹೇಳಿ. ನಿಮ್ಮ ಅಮ್ಮನ ಕೈಕಾಲು ಹಿಡಿದಾದರೂ ಫೋನ್ ತೆಗೆದುಕೊಳ್ಳಿ.

ಶೈಲಾ


ಕುರ್ಲಾ
17 ಮಾರ್ಚ್ 2025

ಮೇಡಂ,

ನಿಮ್ಮಿಂದ ಉತ್ತರ ಇಲ್ಲ. ಪೋಸ್ಟ್‌ಮನ್ ಬರುವ ಹೊತ್ತಿಗೆ ಚಾಳಿನ ಮೆಟ್ಟಿಲ ಮೇಲೆ ಕೂತಿರುತ್ತೇನೆ. "ಮದುವೆ ಪಕ್ಕಾ ಆಯ್ತಾ?" ಅಂತ ಅಕ್ಕಪಕ್ಕದವರು ಕೀಟಲೆ ಮಾಡುತ್ತಾರೆ.

ನಿನ್ನೆ ಪರೀಕ್ಷೆ ಬರೆದೆ. ಚೆನ್ನಾಗಿ ಬರೆದೆನೋ ಕೆಟ್ಟೆನೋ ತಿಳಿಯುತ್ತಿಲ್ಲ. ಪ್ರಾಬಬಿಲಿಟಿಯಲ್ಲಿ ಅವಸರ ಮಾಡಿದೆ, ನೀವು ಹೇಳಿದ ಹಾಗೇ. ಸಿಟ್ಟಾಗಿದ್ದೀರಾ? ಹೋದ ಕಾಗದದಲ್ಲಿ ಬಾಯಿಗೆ ಬಂದದ್ದು ಬರೆದೆ. ಸಿಟ್ಟಾಗಿದ್ದರೆ ಬೈದಾದರೂ ಒಂದು ಸಾಲು ಬರೆಯಿರಿ.

ಶೈಲಾ


ಕುರ್ಲಾ
29 ಮಾರ್ಚ್ 2025

ಮೇಡಂ,

ಅಪ್ಪನಿಗೆ ಗೊತ್ತಾಯಿತು. ಕೂಲಿಗಳಿಗೆ ಕೆಲಸ ಹಂಚುವ ಮುಕಾದಮ ಅಪ್ಪನನ್ನು ಒಂದು ದಿನ ಗೋರೆಗಾಂವಿನ ಸೈಟಿಗೆ ಕಳಿಸಿದ್ದ. ಊಟದ ಹೊತ್ತಿನಲ್ಲಿ ಮಗಳು ಕೂರುವ ಬಿಲ್ಡಿಂಗ್ ನೋಡಿ ಬರೋಣ ಅಂತ ಹೋಗಿದ್ದಾರೆ, ಕಂಪನಿಯ ಗೇಟಿಗೇ. ಅಲ್ಲಿ ಅವತ್ತು ಹೊಸದಾಗಿ ಸೇರುವವರ ಕಾಗದಪತ್ರ ನೋಡುತ್ತಿದ್ದರಂತೆ. ನಮ್ಮ ಶ್ರೇಯಾ ಹೊರಗೆ ನಿಂತಿದ್ದಳು. "ಅಂಕಲ್, ಶೈಲಾ ಬೇಡ ಅಂದಳಲ್ಲ, ಅದಕ್ಕೇ ನನಗೆ ಸಿಕ್ಕಿತು" ಅಂತ ಥ್ಯಾಂಕ್ಸ್ ಹೇಳಿದಳಂತೆ. ಪಾಪ, ಅವಳಿಗೇನು ಗೊತ್ತು.

ಮನೆಗೆ ಬಂದು ಚಪ್ಪಲಿ ಬಿಡದೇ ಕೇಳಿದರು. "ಯಾರು ಬಿಡು ಅಂದ್ರು ನಿನಗ?"

ನಿಮ್ಮ ಹೆಸರು ಹೇಳಿದೆ. ಕಾಗದ ತೋರಿಸಿದೆ. ಅಪ್ಪನಿಗೆ ಓದಲು ಬರುವುದಿಲ್ಲ. ನಾನು ಬೆರಳಿಟ್ಟ ಕಡೆ ನೋಡುತ್ತ ನಿಂತು, "ನಿಮ್ಮ ಕಾಲೇಜಿನ ಬಾಯಾರು ಭಾಳ ಶಾಣ್ಯಾರು ಅಂತಿದ್ದಿ. ಬಡವರ ಮಕ್ಕಳ ಹೊಟ್ಟಿ ಮ್ಯಾಲ ಹೊಡಿಯೂದು ಯಾವ ಶಾಣ್ಯಾತನ?" ಅಂದರು. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ.

ನೀವೂ ಮಾತಾಡುತ್ತಿಲ್ಲ. ಇನ್ನು ನಾನು ಬರೆಯುವುದಿಲ್ಲ.

ಶೈಲಾ


ಮಂಗಳೂರು
10 ಏಪ್ರಿಲ್ 2025

ಶೈಲಾ, ನನ್ನ ಕಂದಾ,

ನಿನ್ನ ಮೂರೂ ಕಾಗದಗಳು ನಿನ್ನೆ ಒಟ್ಟಿಗೇ ನನ್ನ ಕೈಗೆ ಬಂದವು. ಬಚ್ಚಿಟ್ಟ ವಿಷಯವನ್ನು ಈಗ ಹೇಳುತ್ತೇನೆ. ನಾನು ಗರ್ಭಿಣಿಯಾಗಿದ್ದೆ. ಮದುವೆಯಾಗಿ ಹದಿಮೂರು ವರ್ಷಕ್ಕೆ. ಎರಡು ಸಲ ಕಳೆದುಕೊಂಡಿದ್ದೆ, ಹಾಗಾಗಿ ಯಾರಿಗೂ ಹೇಳುವುದು ಬೇಡ, ದೃಷ್ಟಿಯಾಗುತ್ತದೆ ಎಂದು ಅಮ್ಮ. ಹಾಸಿಗೆ ಬಿಟ್ಟು ಏಳಬಾರದು ಎಂದು ಡಾಕ್ಟರು. ಮಾರ್ಚ್ ಏಳಕ್ಕೆ, ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಹೆಣ್ಣು. ಅಂಗೈಯಷ್ಟು ಇದ್ದಳು. ಒಂದು ತಿಂಗಳು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು, ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಈಗ ಹೊರಗೆ ತೆಗೆದು ವಾರ್ಡಿನಲ್ಲಿ ನನ್ನ ಪಕ್ಕ ಮಲಗಿಸಿದ್ದಾರೆ, ಮನೆಗೆ ಇನ್ನೂ ಬಿಟ್ಟಿಲ್ಲ. ನಿನ್ನ ಕಾಗದಗಳನ್ನು ಅಮ್ಮ ತೆಗೆದಿಟ್ಟಿದ್ದರು. ಅವರನ್ನು ಬೈಯಲು ನನಗೆ ಬಾಯಿ ಬರುತ್ತಿಲ್ಲ.

ಅಯ್ಯೋ ಶೈಲಾ, ನಾನು ಬಿಡು ಎನ್ನಲೇ ಇಲ್ಲ! ಇರಲಿ ಬಿಡು ಎಂದೆ. ಅದು ನಿನ್ನ ಹತ್ತಿರ ಇರಲಿ, ಹೂಂ ಎಂದಿಟ್ಟುಕೋ, ಚಿಂತೆ ಬೇಡ ಎಂದು. ನಮ್ಮ ಮನೆಯಲ್ಲಿ ಹುಟ್ಟಿದಾಗಿನಿಂದ ಆಡುವ ಮಾತು. ಚಿಲ್ಲರೆ ವಾಪಸು ಕೊಡಲು ಬಂದರೆ ಇರಲಿ ಬಿಡಿ ಎನ್ನುತ್ತೇವಲ್ಲ, ಹಾಗೆ. ಇಂಗ್ಲಿಷಿನಲ್ಲಿ ಎರಡು ಸಾಲು ಬರೆದಿದ್ದರೆ ಈ ಗತಿ ಬರುತ್ತಿರಲಿಲ್ಲ. ಕನ್ನಡದಲ್ಲೇ ಬರಿ ಎಂದು ಹಟ ಹಿಡಿದವಳು ನಾನು. ನಿಮ್ಮಪ್ಪ ಹೇಳಿದ್ದು ಸರಿ. ರಾತ್ರಿ ಮಗುವಿಗೆ ಹಾಲು ಕೊಡಲು ಕೂತರೆ ನಿಮ್ಮ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡದೇ ನಿಂತ ಆ ಮನುಷ್ಯ ಕಣ್ಣಮುಂದೆ ಬರುತ್ತಾರೆ. ಹಾಲು ನಿಂತುಹೋಗುತ್ತದೆ.

ಬೀರುವಿನಿಂದ ಫೋನು ತೆಗೆಸಿದೆ. ನಿನ್ನ ನಂಬರು ಒತ್ತಿ, ಸ್ವರ ಕೇಳುವ ಧೈರ್ಯವಿಲ್ಲದೆ ಕಟ್ ಮಾಡಿದೆ. ಗೋರೆಗಾಂವಿನವರಿಗೆ ಫೋನ್ ಮಾಡಿದೆ. ಜಾಗವಿಲ್ಲ ಎಂದರು. ಆಮೇಲೆ ನನ್ನ ಜೊತೆ ಓದಿದ ನವೀನನಿಗೆ ಮಾಡಿದೆ. ಚೆಂಬೂರಿನಲ್ಲಿ ಅವನದೊಂದು ಸಣ್ಣ ಆಫೀಸು ಉಂಟು, ಮನೆಮನೆಗೆ ಹೋಗಿ ಸಮೀಕ್ಷೆ ಮಾಡಿಸುವ ಕೆಲಸ. ಅವನಿಗೆ ಜನ ಬೇಕಂತೆ. ಸೋಮವಾರ ಬೆಳಗ್ಗೆ ಹೋಗು. ಹೂಂ ಎನ್ನು. ನಿಮ್ಮಪ್ಪನಿಗೆ ನಾನೇ ಫೋನ್ ಮಾಡಿ ಕ್ಷಮೆ ಕೇಳುತ್ತೇನೆ. ನಂಬರು ಕಳಿಸು.

ವಿನೋದಿನಿ


ಕುರ್ಲಾ
17 ಏಪ್ರಿಲ್ 2025

ಮೇಡಂ,

ಮಗುವಿನ ಸುದ್ದಿ ಕೇಳಿ ಅವ್ವ ಕೈಮುಗಿದಳು. ನಾನು ಅಲ್ಲಿಂದ ಎದ್ದು ಹೋದೆ.

ಅಪ್ಪನಿಗೆ ಫೋನ್ ಮಾಡಬೇಡಿ. ಕ್ಷಮೆ ಕೇಳಬೇಡಿ. ನನಗೆ ಅರ್ಥವಾಗಿತ್ತು.

ಇರಲಿ ಬಿಡು ಅಂದರೆ ಏನು ಅಂತ ನನಗೆ ಗೊತ್ತಿಲ್ಲದೆ ಇರುತ್ತದಾ ಮೇಡಂ? ನಮ್ಮ ಅವ್ವ ದಿನಕ್ಕೆ ಹತ್ತು ಸಲ ಅನ್ನುತ್ತಾಳೆ. ಅವತ್ತು ಗುರುವಾರ ನಿಮ್ಮ ಕಾಗದ ಅವ್ವನಿಗೂ ಓದಿ ಹೇಳಿದೆ. "ಬಿಡು ಅಂದಾರಲ್ಲವಾ?" ಅಂದೆ. "ಹುಚ್ಚಿ, ಇಟ್ಕೋ ಅಂದಾರ" ಅಂತ ನಕ್ಕಳು. ಮರುದಿನ ನಾನು ಹೋಗಿ ಬೇಡ ಅಂತ ಬರೆದೆ.

ಇಂಟರ್‌ವ್ಯೂ ಆದ ದಿನ ನಮಗೆ ಕೆಲಸ ಮಾಡುವ ಫ್ಲೋರ್ ತೋರಿಸಿದ್ದರು. ಸಾಲುಸಾಲಾಗಿ ಹುಡುಗಿಯರು, ಯಾರೂ ತಲೆ ಎತ್ತಲಿಲ್ಲ. ಒಬ್ಬಳು ಮಾತ್ರ ನನಗೆ "ಮೊದಲ ತಿಂಗಳು ಅಳು ಬರುತ್ತೆ, ಆಮೇಲೆ ಆದತ್ ಆಗುತ್ತೆ, ರೂಢಿಯಾಗಿಬಿಡುತ್ತೆ" ಅಂದಳು. ನನಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು. ನನಗೆ ಓದಬೇಕು ಮೇಡಂ. ಆದರೆ ಅಪ್ಪನ ಮುಂದೆ ನಿಂತು ಅದನ್ನು ಹೇಳುವ ಧೈರ್ಯ ನನಗೆಲ್ಲಿಂದ ಬರಬೇಕು? ಮೇಡಂ ಹೇಳಿದರು ಅಂದರೆ ನಡೆಯುತ್ತದೆ. ನಿಮ್ಮ ಕಾಗದದಲ್ಲಿ ಬಿಡು ಅನ್ನುವ ಒಂದು ಶಬ್ದ ಕಂಡಿತು. ಅದನ್ನು ಹಿಡಿದುಕೊಂಡೆ.

ಮಾರ್ಚಿನಲ್ಲಿ ನಿಮ್ಮ ಮೇಲೆ ಕೂಗಾಡಿದ್ದು ಭಯಕ್ಕೆ. ತಪ್ಪು ನಿಮ್ಮದು ಅಂತ ಕಾಗದದಲ್ಲಿ ಬರೆದುಬಿಟ್ಟರೆ ನಿಜವಾಗಿಯೂ ನಿಮ್ಮದೇ ಆಗುತ್ತದೆ ಅನ್ನಿಸಿತು. ನೀವು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೀರಿ ಅಂತ ನನಗೆ ಗೊತ್ತಿರಲಿಲ್ಲ.

ನಿನ್ನೆ ಅಪ್ಪನಿಗೆ ಹೇಳಿದೆ. "ಬಾಯಾರದೇನೂ ತಪ್ಪಿಲ್ಲ, ನಾನೇ ಒಲ್ಲೆ ಅಂದೆ." ಅವರು ಊಟ ಮಾಡುತ್ತಿದ್ದವರು ಕೈ ತೊಳೆದುಕೊಂಡು ಎದ್ದರು. ತಟ್ಟೆಯಲ್ಲಿ ಅರ್ಧ ರೊಟ್ಟಿ ಹಾಗೇ ಇತ್ತು.

ನವೀನ ಸರ್ ಹತ್ತಿರ ಹೋಗಲಿಲ್ಲ. ರಿಸಲ್ಟ್ ಬಂದ ಮೇಲೆ ನೋಡುತ್ತೇನೆ. ನೀವು ಏನು ಬೈದರೂ ಸರಿ.

ಶೈಲಾ


ಮಂಗಳೂರು
25 ಏಪ್ರಿಲ್ 2025

ಶೈಲಾ,

ಬೈಯಬೇಕೆಂದೇ ಕೂತಿದ್ದೇನೆ. ಹಡಬೆ ಹುಡುಗಿ, ನಿನ್ನ ಧೈರ್ಯಕ್ಕೆ ಏನು ಹೇಳಲಿ? ಎರಡು ವಾರ ನಾನು ಅನ್ನ ನುಂಗಲಾರದೆ ಕೂತಿದ್ದೆ. ನಿನ್ನ ಬಾಳು ಕೆಡಿಸಿದೆ, ಅದರ ಶಾಪಕ್ಕೇ ನನ್ನ ಮಗು ಹೀಗೆ ಬಂತೋ ಏನೋ ಎಂದು ಕೂಡ ಯೋಚಿಸಿದೆ, ಓದಿದವಳಾಗಿಯೂ. ನಿನ್ನ ಭಯವನ್ನು ನನ್ನ ಸೆರಗಿಗೆ ಕಟ್ಟಿ ನೀನು ಪರೀಕ್ಷೆ ಬರೆದೆ. ಸಿಟ್ಟು ಬಂದಿದೆ, ಇನ್ನೂ ಇಳಿದಿಲ್ಲ.

ಸಿಟ್ಟಿನಲ್ಲೇ ನಿನ್ನ ಮೊದಲ ಕಾಗದ ತೆಗೆದು ಓದಿದೆ. ಅದಕ್ಕೆ ನಾನು ಬರೆದ ಉತ್ತರದಲ್ಲಿ ಏನೇನಿತ್ತು ಎಂದು ನೆನಪು ಮಾಡಿಕೊಂಡೆ. ಒತ್ತಕ್ಷರ ತಿದ್ದಿದ್ದೇನೆ, ಪ್ರಾಬಬಿಲಿಟಿ ತಿದ್ದಿದ್ದೇನೆ. ನಿನಗೆ ಆ ಕೆಲಸ ಇಷ್ಟವಾ ಎಂದು ಕೇಳಿಲ್ಲ. ವರ್ಷಕ್ಕೆ ನೂರು ಮಕ್ಕಳಿಗೆ ದಾರಿ ಹೇಳುವವಳು ನಾನು, ಕೇಳುವ ಅಭ್ಯಾಸವೇ ತಪ್ಪಿದೆ. ಇದನ್ನು ಒಪ್ಪಿಕೊಂಡೆನೆಂದು ನಿನ್ನನ್ನು ಕ್ಷಮಿಸಿದೆ ಎಂದುಕೊಳ್ಳಬೇಡ.

ನಿನ್ನೆ ಮಗು ಮನೆಗೆ ಬಂತು. ಯಕ್ಷಿತಾ ಎಂದು ಹೆಸರಿಡುತ್ತೇವೆ. ಅಳುವುದರಲ್ಲಿ ಏನೂ ಕಡಿಮೆ ಇಲ್ಲ.

ಇನ್ನು ನಾನು ನಿನಗೆ ಏನು ಮಾಡು, ಏನು ಬಿಡು ಎಂದು ಬರೆಯುವುದಿಲ್ಲ. ಒಂದೇ ಮಾತು. ರಿಸಲ್ಟ್ ಬಂದ ದಿನ, ಏನೇ ಬಂದಿರಲಿ, ಮೊದಲು ನನಗೆ ತಿಳಿಸಬೇಡ. ನಿಮ್ಮಪ್ಪನಿಗೆ ಹೇಳು.

ವಿನೋದಿನಿ


ಕುರ್ಲಾ
21 ಮೇ 2025

ಮೇಡಂ,

ಅಪ್ಪನಿಗೆ ಹೇಳಿಯಾದ ಮೇಲೆ ಬರೆಯುತ್ತಿದ್ದೇನೆ. ಸೀಟು ಸಿಗಲಿಲ್ಲ. ವೇಟಿಂಗ್ ಲಿಸ್ಟಿನಲ್ಲೂ ಹೆಸರಿಲ್ಲ.

ಈ ಸಲ ಇದನ್ನು ಯಾರ ತಲೆಯ ಮೇಲೂ ಹಾಕುವ ಹಾಗಿರಲಿಲ್ಲ. ಅವ್ವನ ಮಡಿಲಲ್ಲಿ ಮುಖ ಇಟ್ಟು ಬಹಳ ಹೊತ್ತು ಅತ್ತೆ. ಆಮೇಲೆ ಎದ್ದು ಚೆಂಬೂರಿಗೆ ಹೋಗಿ ನವೀನ ಸರ್ ಅವರನ್ನು ನೋಡಿದೆ. ಮಧ್ಯಾಹ್ನವಿಡೀ ಅವರ ಹುಡುಗಿಯರ ಜೊತೆ ಮನೆಮನೆ ತಿರುಗಿದೆ. ಇಷ್ಟವಾಯಿತು, ಅದಕ್ಕೇ ಹೂಂ ಅಂದೆ. ಡಿಸೆಂಬರಿನಲ್ಲಿ ಮತ್ತೆ ಫಾರ್ಮ್ ತುಂಬುತ್ತೇನೆ ಅಂತಲೂ ಅವರಿಗೆ ಹೇಳಿಯೇ ಸೇರಿದ್ದೇನೆ.

ಸಂಜೆ ಅಪ್ಪ ನಳದ ಹತ್ತಿರ ಕೈಕಾಲು ತೊಳೆಯುತ್ತಿದ್ದರು. ಅಲ್ಲೇ ನಿಂತು ಎಲ್ಲ ಹೇಳಿದೆ. ಪಕ್ಕದ ಖೋಲಿಯ ದಾನಪ್ಪ ಕಾಕಾ ಕೇಳಿಸಿಕೊಂಡು, "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ನೋಡು ಚಂದ್ರಾಮ. ಹುಡುಗಿ ಮಾತು ಕೇಳಿ ಕೆಟ್ಟಿ" ಅಂದರು.

ಅಪ್ಪ ಮುಖ ಒರೆಸಿಕೊಂಡರು. "ಕೆಡೂದೇನೈತಿ ಅದರಾಗ? ಆಕಿ ಒಲ್ಲೆ ಅಂದಳು. ನಾನು ಊರು ಬಿಟ್ಟು ಬಂದಾಗಿಂದ ಈ ಕೆಲಸ ನಿನಗ ಬೇಕೋ ಬ್ಯಾಡೋ ಅಂತ ನನಗ ಯಾರರೆ ಕೇಳ್ಯಾರೇನು ದಾನಪ್ಪ? ಆಕಿನ್ನ ಕಂಪನಿಯವ್ರು ಕೇಳಿದ್ರು."

ಆಮೇಲೆ ಕೊಡ ಎತ್ತಿಕೊಂಡು, "ನಡಿ, ಊಟ ಮಾಡೂಣು" ಅಂತ ನನಗೆ ಹೇಳಿದರು.

ಶೈಲಾ